ಮಹಡಿಯ ಆರು ಕೆಂಪು ಸಿಲಿಂಡರ್‌ಗಳು

ನಾನು ಸುಳ್ಳು ಹೇಳುವವನೇ. ದೇರೆಬೈಲಿನಲ್ಲಿ ಯಾರನ್ನು ಬೇಕಾದರೂ ಕೇಳಿ, ಸುಧೀರನ ಮಾತನ್ನು ನಾಲ್ಕರಿಂದ ಭಾಗಿಸಿ ನಂಬಬೇಕು ಎನ್ನುತ್ತಾರೆ. ಆದರೆ ಆ ರಾತ್ರಿಯದ್ದನ್ನು ಭಾಗಿಸಬೇಡಿ. ಸಂಜೆಯ ಭಾಗಕ್ಕೆ ಸ್ವಲ್ಪ ಒಗ್ಗರಣೆ ಹಾಕಿದ್ದೇನೆ, ಒಪ್ಪುತ್ತೇನೆ. ರಾತ್ರಿಯದ್ದಕ್ಕೆ ಒಂದು ಸಾಸಿವೆ ಕಾಳೂ ಹಾಕಿಲ್ಲ.

ನನ್ನ ಮಾಮನದ್ದು ಬೆಂಕಿ ನಂದಿಸುವ ಸಿಲಿಂಡರ್‌ಗಳ ಕಂಪೆನಿ. ಕಂಪೆನಿ ಎಂದರೆ ಒಂದು ಕೋಣೆ, ತಳ್ಳಿದರೆ ಮಾತ್ರ ಹೊರಡುವ ಒಂದು ವ್ಯಾನು, ಮತ್ತು ಕೆಲಸವೆಲ್ಲ ಗೊತ್ತಿರುವ ಹಿರಿಯರೊಬ್ಬರು, ಲಿಗೋರ್ ಪೊರ್ಬುಗಳು. ಗೋಡೌನು, ಹಾಸ್ಟೆಲುಗಳಲ್ಲಿ ಕೆಂಪು ಸಿಲಿಂಡರ್ ನೇತುಹಾಕುವುದು, ಕಾಲಕಾಲಕ್ಕೆ ಮದ್ದು ತುಂಬಿಸುವುದು, ಇಷ್ಟೇ ವ್ಯಾಪಾರ. ಈ ವರ್ಷ ವಿಮೆಯವರು ಹೊಸ ತಕರಾರು ತೆಗೆದರು. ಕಂಪೆನಿಯವರೇ 'ಎಲ್ಲ ಸರಿ ಉಂಟು' ಎಂದರೆ ಸಾಲದಂತೆ. ಯಾರ ಪೈಕಿಯೂ ಅಲ್ಲದ ಇನ್‌ಸ್ಪೆಕ್ಟರ್ ಒಬ್ಬರು ಬೆಂಗಳೂರಿನಿಂದ ಬಂದು, ನೋಡಿ, ಸರ್ಟಿಫಿಕೇಟ್ ಕೊಡಬೇಕಂತೆ. ಅದು ಸಿಗದಿದ್ದರೆ ಮಾಮ ಅಂಗಡಿಗೆ ಬೀಗ ಹಾಕಬೇಕು, ಲಿಗೋರ್ ಪೊರ್ಬುಗಳು ಮನೆಗೆ ಹೋಗಬೇಕು.

ಇನ್‌ಸ್ಪೆಕ್ಟರ್ ನೋಡಲು ಆರಿಸಿದ್ದು ಅತ್ತಾವರದ ಒಂದು ನರ್ಸಿಂಗ್ ಹುಡುಗಿಯರ ಹಾಸ್ಟೆಲ್. ಕೆಳಗೆ ಆರು ಸಿಲಿಂಡರ್, ಹುಡುಗಿಯರು ಮಲಗುವ ಮಹಡಿಯಲ್ಲಿ ಆರು.

ಹಿಂದಿನ ದಿನ ಪೊರ್ಬುಗಳೂ ನಾನೂ ಹೋಗಿ ಹನ್ನೆರಡಕ್ಕೂ ಮದ್ದು ತುಂಬಿಸಿದೆವು. ನೀರಿಗೆ ಸೋಡಾ ಪುಡಿ ಕಲಸಿ, ಮೇಲೆ ಆಸಿಡ್ಡಿನ ಪುಟ್ಟ ಗಾಜಿನ ಕುಪ್ಪಿ ಇಟ್ಟು, ಮುಚ್ಚಳ ಬಿಗಿಯುವುದು. ಬೆಂಕಿ ಬಿದ್ದರೆ ಸಿಲಿಂಡರನ್ನು ತಲೆಕೆಳಗು ಮಾಡಿ ಮುಚ್ಚಳದ ಗುಂಡಿಯನ್ನು ನೆಲಕ್ಕೆ ಹೊಡೆಯಬೇಕು. ಕುಪ್ಪಿ ಒಡೆದು, ಗ್ಯಾಸ್ ಎದ್ದು, ನೀರು ಬುಸ್ಸೆಂದು ಹಾರುತ್ತದೆ.

ಪೊರ್ಬುಗಳ ಅಕ್ಕನ ಮಗಳ ರೋಸ್ ಶಾಸ್ತ್ರ ಆ ಸಂಜೆ. ಮದುವೆಯ ಹಿಂದಿನ ದಿನ, ಮಾವನಾದವರು ತೆಂಗಿನಹಾಲು ಹಚ್ಚಲಿಕ್ಕೆ ಇರಲೇಬೇಕು.

"ನೀವು ಹೋಗಿ ಪೊರ್ಬುಲೆ, ಇನ್ನು ಸಿಲಿಂಡರಿಗೆ 'ಮದ್ದು ತುಂಬಿಸಿದೆ' ಎಂಬ ಚೀಟಿ ಕಟ್ಟುವುದು ಮಾತ್ರ ಅಲ್ವಾ? ನಾನು ಮಾಡ್ತೇನೆ" ಎಂದೆ.

"ಚೀಟಿಯಲ್ಲಿ ಇರುವುದು ನನ್ನ ಸೈನು, ನೆನಪಿಡು. ಮಂಗಾಟ ಮಾಡ್ಬೇಡ ಮಾರಾಯ."

ಅವರು ಗೇಟು ದಾಟಿದ್ದೇ ಅಂಗಳಕ್ಕೆ ಐದಾರು ಹುಡುಗಿಯರು ಬಂದರು.

"ಇದು ನಿಜವಾಗಿ ಹಾರ್ತದಾ, ಅಲ್ಲ ಚಂದಕ್ಕೆ ಇಟ್ಟದ್ದಾ?" ಎಂದು ಜಸಿಂತ ಎನ್ನುವವಳು ಕೇಳಿದಳು.

ಇಂಥ ಪ್ರಶ್ನೆ ಕೇಳಿದ ಮೇಲೆ ಗಂಡಸಾದವನು ಏನು ಮಾಡಬೇಕು? ಮಹಡಿಯದ್ದೊಂದನ್ನು ಇಳಿಸಿ ತಂದೆ, ತಲೆಕೆಳಗು ಮಾಡಿ ಕುಟ್ಟಿದೆ. ನೀರು ಹಾರಿದ್ದು ಹೇಗೆಂದರೆ ಅಷ್ಟು ದೂರದ ನಂತೂರಿನಲ್ಲಿ ಲಾರಿಗಳು ವೈಪರ್ ಹಾಕಿರಬೇಕು! ಸರಿ, ಭಾಗಿಸಿದರೆ ಬಾವಿಕಟ್ಟೆಯವರೆಗೆ. ಹುಡುಗಿಯರು ಚಪ್ಪಾಳೆ ತಟ್ಟಿದರು. "ಇನ್ನೊಂದು! ಹೀರೋ, ಇನ್ನೊಂದು!" ಎಂದರು. ಇನ್ನೊಂದು, ಮತ್ತೊಂದು... ವಾರ್ಡನ್ ಐರಿನ್ ಬಾಯಿ ಬಂದು ಎಲ್ಲರನ್ನೂ ಓಡಿಸುವಾಗ ಮಹಡಿಯ ಆರೂ ಖಾಲಿ.

ಬೇರೆ ಮದ್ದು ಇರಲಿಲ್ಲ. ಮಾಮನ ಆಫೀಸು ಮುಚ್ಚಿತ್ತು. ನಾನು ಯೋಚಿಸಿದೆ: ಬೆಂಕಿ ಆರಿಸುವುದು ನೀರೇ ಅಲ್ಲವೇ? ಬಾವಿಯ ನೀರು ತುಂಬಿಸಿ, ಮುಚ್ಚಳ ಬಿಗಿದು, ಪೊರ್ಬುಗಳ ಸೈನು ಇದ್ದ ಚೀಟಿ ಕಟ್ಟಿ, ಐರಿನ್ ಬಾಯಿಯ ಎದುರೇ ಮೇಲೆ ನೇತುಹಾಕಿ ಬಂದೆ.

ಇನ್‌ಸ್ಪೆಕ್ಟರ್ ಬರುವವರೆಗೆ ಅಲ್ಲೇ ಕಾವಲಿರಬೇಕೆಂದು ಮಾಮನ ಆರ್ಡರ್. ಮೆಟ್ಟಿಲ ಕೆಳಗಿನ ಬೆಂಚಿನಲ್ಲಿ ಮಲಗಿದೆ. ಫಿನಾಯಿಲ್ ವಾಸನೆ, ಸೊಳ್ಳೆ... ಸೊಳ್ಳೆಗಳ ಗಾತ್ರ ಹೇಳುವುದಿಲ್ಲ, ನೀವು ಭಾಗಿಸಲು ಶುರು ಮಾಡುತ್ತೀರಿ. ಆಗಲೇ ಕರೆಂಟು ಹೋಯಿತು.

ಮೇಲೆ ಯಾರೋ ನಡೆಯುವ ಸದ್ದು.

ಬರಿಗಾಲು. ನಾಲ್ಕು ಹೆಜ್ಜೆ, ನಿಂತಿತು. ಆಮೇಲೆ...

ಠಕ್.

ಆ ಸದ್ದು ನನಗೆ ಗೊತ್ತು. ಒಳಗೆ ಕುಪ್ಪಿ ಇಲ್ಲದ ಸಿಲಿಂಡರಿನ ಗುಂಡಿಯನ್ನು ನೆಲಕ್ಕೆ ಹೊಡೆದರೆ ಬರುವ ಬೋಳು ಸದ್ದು. ಮತ್ತೆ ಹೆಜ್ಜೆ. ಠಕ್. ಮತ್ತೆ ಹೆಜ್ಜೆ...

ಜಸಿಂತಳ ಕುಚೇಷ್ಟೆ ಎಂದುಕೊಂಡೆ. ಬೆಳಿಗ್ಗೆ ಮಾಮನ ಮಾನ ಹೋಗುತ್ತದಲ್ಲ ಎಂದು ಮೆಟ್ಟಿಲು ಹತ್ತಿದೆ. ಹೆಣ್ಣುಮಕ್ಕಳ ಮಹಡಿಗೆ ರಾತ್ರಿ ಹತ್ತಿದ್ದಕ್ಕೆ ಐರಿನ್ ಬಾಯಿ ನನ್ನನ್ನು ಒಣಮೀನು ಮಾಡಿ ಹಗ್ಗಕ್ಕೆ ಹಾಕಬಹುದೆಂಬ ಭಯ ಬಿಟ್ಟರೆ ಬೇರೆ ಭಯ ಆಗ ಇರಲಿಲ್ಲ.

ಜಗಲಿ ಖಾಲಿ. ಎರಡೂ ಬದಿಯ ಬಾಗಿಲುಗಳು ಮುಚ್ಚಿದ್ದವು. ಯಾರೋ ನಿದ್ದೆಯಲ್ಲಿ ಕೆಮ್ಮಿದರು. ಸಿಲಿಂಡರ್‌ಗಳನ್ನು ಕತ್ತಲಲ್ಲಿ ಕೈಯಿಂದ ತಡವುತ್ತ ಹೋದೆ. ಐದು ಇದ್ದವು. ಕೊನೆಯ ಕೊಕ್ಕೆ ಖಾಲಿ.

ಅದರ ಪಕ್ಕದ್ದು ಬಟ್ಟೆಯ ಉಗ್ರಾಣ, ಬೆಡ್‌ಶೀಟ್ ಇಡುವ ಕೋಣೆ. ಹೊರಗಿನಿಂದ ದಪ್ಪ ಬೀಗ. ಆದರೆ ಬಾಗಿಲ ಸಂದಿಯಿಂದ ನೀರು ಹರಿದು ಬಂದು ನನ್ನ ಕಾಲ್ಬೆರಳು ಒದ್ದೆಯಾಯಿತು. ಬಿಸಿ ನೀರು. ಮತ್ತು ವಾಸನೆ... ಗಂಜಿ ಹಾಕಿದ ಬಟ್ಟೆಯ ಮೇಲೆ ಇಸ್ತ್ರಿಪೆಟ್ಟಿಗೆ ಮರೆತರೆ ಬರುತ್ತದಲ್ಲ, ಅದು.

ಒಳಗಿನಿಂದ ತುಂಬ ಮೆಲ್ಲಗೆ ಒಂದು ಹುಡುಗಿಯ ಸ್ವರ.

"ಅಣ್ಣಾ... ಇದರಲ್ಲಿ ಮದ್ದು ಉಂಟಲ್ಲ?"

ನಾನೇನು ಹೇಳಿದೆ ಗೊತ್ತೇ? ಯೋಚಿಸಲೇ ಇಲ್ಲ. ಹುಟ್ಟಿದಾಗಿನ ಅಭ್ಯಾಸ.

"ಉಂಟು" ಎಂದೆ.

ಠಕ್. ಠಕ್. ಠಕ್. ಬಾಗಿಲ ಹಿಂದೆ ಅವಸರದಲ್ಲಿ, ಎರಡೂ ಕೈಯಲ್ಲಿ ಎತ್ತಿ ಎತ್ತಿ ಕುಟ್ಟುತ್ತಿದ್ದರು. ನೀರು ಹಾರುವ ಸದ್ದು ಮಾತ್ರ ಬರಲಿಲ್ಲ. ಆಮೇಲೆ ಕುಟ್ಟುವುದೂ ನಿಂತಿತು.

ನಾನು ಕೆಳಗೆ ಹೇಗೆ ಬಂದೆನೋ ನೆನಪಿಲ್ಲ. ಇದಕ್ಕೆ ಒಗ್ಗರಣೆ ಹಾಕಲೂ ನನಗೆ ಬರುವುದಿಲ್ಲ.

ಬೆಳಿಗ್ಗೆ ಕೈಕಾಲು ಹಿಡಿದು ಐರಿನ್ ಬಾಯಿಯಿಂದ ಉಗ್ರಾಣ ತೆಗೆಸಿದೆ. ಮಡಚಿಟ್ಟ ಬೆಡ್‌ಶೀಟುಗಳು, ಒಣ ನೆಲ. ಸಿಲಿಂಡರ್ ಹೊರಗೆ ಕೊಕ್ಕೆಯಲ್ಲೇ ಇತ್ತು.

"ಬಾಯೀ, ಇಲ್ಲಿ ಮೊದಲು ಎಂತಾದ್ರೂ ಆಗಿತ್ತಾ?"

"ಎಂತ ಆಗ್ಲಿಕ್ಕೆ? ಬೆಡ್‌ಶೀಟಿಗೆ ಎಂತ ಆಗ್ತದೆ? ನಿನಗೆ ಜ್ವರ ಉಂಟಾ?"

ಅಷ್ಟರಲ್ಲಿ ಮಾಮನ ಜೊತೆ ಇನ್‌ಸ್ಪೆಕ್ಟರ್ ಬಂದರು. ಮಾಮ ತರಿಸಿದ ಕಾಫಿಯನ್ನು ಅವರು ಮುಟ್ಟಲೂ ಇಲ್ಲ. ಕೆಳಗಿನ ಒಂದು ಸಿಲಿಂಡರನ್ನು ತಾವೇ ಆರಿಸಿ ಹೊಡೆಸಿದರು. ನೀರು ಚೆನ್ನಾಗಿ ಹಾರಿತು. ಪೆನ್ನು ತೆಗೆದರು.

ನಾನು ಸುಮ್ಮನಿದ್ದರೆ ಮುಗಿಯುತ್ತಿತ್ತು. ಆದರೆ ಜಸಿಂತ ಮಹಡಿಯ ಜಗಲಿಯಲ್ಲಿ ಕೂದಲು ಬಾಚುತ್ತ ನಿಂತಿದ್ದಳು. ಅವಳ ಕೋಣೆಯ ಎದುರಿನ ಸಿಲಿಂಡರಿನಲ್ಲಿ ಬಾವಿ ನೀರು.

"ಸರ್, ಮಹಡಿಯ ಆರರಲ್ಲಿ ಮದ್ದಿಲ್ಲ. ಬರೀ ನೀರು. ನಾನು ಮಾಡಿದ್ದು. ಪೊರ್ಬುಗಳಿಗೆ ಗೊತ್ತೇ ಇಲ್ಲ."

ಮಾಮನ ಮುಖ ಬಾಡಿದ ಬಸಳೆಯಾಯಿತು. "ಸರ್, ಇವನು ನನ್ನ ಅಕ್ಕನ ಮಗ. ಬಾಯಿ ತೆಗೆದರೆ ಬುರುಡೆ..."

"ತೋರಿಸಪ್ಪ ಒಂದನ್ನ" ಎಂದರು ಇನ್‌ಸ್ಪೆಕ್ಟರ್.

ಉಗ್ರಾಣದ ಪಕ್ಕದ್ದನ್ನೇ ತೋರಿಸಿದೆ. ರಾತ್ರಿ ಅದು ಹಾರಲಿಲ್ಲವೆಂದು ನನ್ನ ಕಿವಿಯೇ ಕೇಳಿತ್ತಲ್ಲ. ಅವರು ಅಂಗಳಕ್ಕೆ ತರಿಸಿ ಹೊಡೆಸಿದರು.

ಬುಸ್ಸೆಂದು ಹಾರಿತು. ಬಾವಿಕಟ್ಟೆ ದಾಟಿ ಹೋಯಿತು.

ಹುಡುಗಿಯರು ಹೊಟ್ಟೆ ಹಿಡಿದು ನಕ್ಕರು. "ಏನಪ್ಪಾ, ತಮಾಷೆ ಮಾಡ್ತಿದೀಯಾ?" ಎಂದರು ಇನ್‌ಸ್ಪೆಕ್ಟರ್.

"ಸರ್, ಇನ್ನೊಂದು ನೋಡಿ, ದಮ್ಮಯ್ಯ..."

"ಎಲ್ಲಾನೂ ಹೊಡೆದು ಖಾಲಿ ಮಾಡಿದ್ರೆ ರಾತ್ರಿ ಈ ಮಕ್ಕಳಿಗೆ ಏನಿರುತ್ತೆ?" ಎಂದು ಸೈನು ಹಾಕಿದರು.

ಮಧ್ಯಾಹ್ನ ಮದುವೆ ಮನೆಗೆ ಹೋಗಿ ಲಿಗೋರ್ ಪೊರ್ಬುಗಳಿಗೆ ಹೇಳಿದೆ. ಮಂಗಾಟದ್ದನ್ನು ಮಾತ್ರ, ರಾತ್ರಿಯದ್ದಲ್ಲ. ಅವರು ಬೈಯಲಿಲ್ಲ, ಅದೇ ಕಷ್ಟವಾಯಿತು. ಮದುವೆಯ ಕೋಟಿನಲ್ಲೇ ಮದ್ದಿನ ಪೆಟ್ಟಿಗೆ ಹೊತ್ತು ನನ್ನೊಡನೆ ಬಂದರು.

ಮಹಡಿಯಲ್ಲಿ ಉಳಿದ ಐದನ್ನು ಬಿಚ್ಚಿದೆವು. ಐದರಲ್ಲೂ ನನ್ನ ಬಾವಿ ನೀರೇ.

ಆರನೆಯದನ್ನು, ಇನ್‌ಸ್ಪೆಕ್ಟರ್ ಹೊಡೆಸಿದ್ದನ್ನು, ಪೊರ್ಬುಗಳು ಬಿಚ್ಚಿದರು. ಒಳಗೆ ಒಡೆದ ಕುಪ್ಪಿ. ಒಂದು ಚೂರನ್ನು ಬೆಳಕಿಗೆ ಹಿಡಿದು ನೋಡಿದರು. ದಪ್ಪ ಹಸಿರು ಗಾಜು.

"ಇದು ನಮ್ಮದಲ್ಲ ಸುಧೀರ. ಇಂಥದ್ದು ಈಗ ಸಿಕ್ಕುವುದೇ ಇಲ್ಲ. ಇದನ್ನು ಯಾರು ಹಾಕಿದ್ದು?"

"ನಾನಲ್ಲ" ಎಂದೆ. ಅವರು ಎದೆಯ ಮೇಲೆ ಶಿಲುಬೆ ಹಾಕಿಕೊಂಡು, ಆರಕ್ಕೂ ಹೊಸ ಮದ್ದು ತುಂಬಿಸಿ ಕೆಳಗಿಳಿದರು.

ಕೊನೆಯ ಸಿಲಿಂಡರನ್ನು ನಾನೇ ಕೊಕ್ಕೆಗೆ ಹಾಕಿದೆ. ಜಗಲಿಯಲ್ಲಿ ಯಾರೂ ಇರಲಿಲ್ಲ. ಉಗ್ರಾಣದ ಬೀಗಕ್ಕೆ ಬಾಯಿ ತಾಗುವಷ್ಟು ಹತ್ತಿರ ನಿಂತು, ಮೆಲ್ಲಗೆ ಹೇಳಿದೆ:

"ಈಗ ಉಂಟು."

ಉತ್ತರ ಬರುತ್ತದೋ ಎಂದು ಕಾಯುವಷ್ಟು ಧೈರ್ಯ ನನಗಿರಲಿಲ್ಲ. ಆದರೆ ತಿರುಗುವಾಗ ನನ್ನ ಕಾಲ್ಬೆರಳುಗಳು ಒದ್ದೆಯಾಗಿದ್ದವು... ಈ ಸಲ ನೀರು ತಣ್ಣಗಿತ್ತು.