ಎರಡು ವಿಷಲ್ ಅಂದರೆ ರೈಟ್

ಡ್ರೈವರ್ ದೇವಯ್ಯನನ್ನು ಬರೀ ದೇವಯ್ಯ ಅಂತ ಕರೆದವರಿಗೆ ಅವನು ಸರಿಯಾಗಿ ಉತ್ತರ ಕೊಡುತ್ತಿರಲಿಲ್ಲ. ಶ್ರೀರಂಗಪಟ್ಟಣದಿಂದ ಹೊರಟು ಪಾಂಡವಪುರ, ಕೆ.ಆರ್.ಪೇಟೆ ಹಾದು ನಾಗಮಂಗಲಕ್ಕೆ ಬರುವ ಖಾಸಗಿ ಬಸ್ಸನ್ನು ಹದಿನಾಲ್ಕು ವರ್ಷ ಓಡಿಸಿದವನು. ತೊಂಬತ್ನಾಲ್ಕರಲ್ಲಿ ಬಾಬುರಾಯನಕೊಪ್ಪಲಿನ ಹತ್ತಿರ, ಮುಂದೆ ಹೋಗುತ್ತಿದ್ದ ಲಾರಿಯ ಚಕ್ರದಿಂದ ಸಿಡಿದ ಕಲ್ಲು ಬಸ್ಸಿನ ಗಾಜನ್ನು ಒಡೆದು, ಒಂದು ಚೂರು ಅವನ ಎಡಗಣ್ಣಿಗೆ ಹೊಕ್ಕಿತು. ಬಸ್ಸನ್ನು ಪಕ್ಕಕ್ಕೆ ತಂದು ನಿಲ್ಲಿಸಿ, ಹ್ಯಾಂಡ್ ಬ್ರೇಕ್ ಎಳೆದ ಮೇಲೆಯೇ ಅವನು ಕಣ್ಣಿಗೆ ಕೈ ಇಟ್ಟದ್ದು. ಒಳಗೆ ಕೂತವರಿಗೆ ಏನೂ ಆಗಲಿಲ್ಲ. ಅವನ ಕಣ್ಣು ಹೋಯಿತು, ಅದರ ಹಿಂದೆ ಕೆಲಸವೂ ಹೋಯಿತು.

ನಾಗಮಂಗಲದ ಬಸ್ ಸ್ಟ್ಯಾಂಡಿನ ಎದುರು ನನ್ನದೊಂದು ರೇಡಿಯೊ, ಟೇಪ್ ರೆಕಾರ್ಡರ್ ರಿಪೇರಿ ಅಂಗಡಿ. ಅವನ ಬಸ್ಸಿನ ಟೇಪು ಕೆಟ್ಟಾಗಲೆಲ್ಲ ನಾನೇ ಬಿಚ್ಚಿ ಸರಿಮಾಡಿದವನು, ಹಾಗಾಗಿ ನಮ್ಮಿಬ್ಬರ ಸ್ನೇಹ ಹಳೆಯದು. ಕೆಲಸ ಹೋದ ಮೇಲೆ ಒಂದು ದಿನ ನನ್ನ ಬೆಂಚಿನ ಮೇಲೆ ಕೂತು, ಈಗ ಮೋಟಾರ್ ಸೈಕಲ್ಲಿನಲ್ಲಿ ಹೋಗುವಾಗ ಎದುರು ಬರುವ ಡ್ರೈವರುಗಳು ಯಾರೂ ಕೈ ಎತ್ತುವುದಿಲ್ಲ ಅಂದ. ಬಸ್ಸಿನವರು ದಾರಿಯಲ್ಲಿ ಎದುರಾದಾಗ ಸ್ಟೇರಿಂಗ್ ಮೇಲಿಂದ ಒಂದು ಕೈ ಎತ್ತುತ್ತಾರಲ್ಲ, ಆ ಮಾತು. ಮೋಟಾರ್ ಸೈಕಲ್ಲಿನವನಿಗೆ ಬಸ್ಸಿನವನು ಯಾಕೆ ಕೈ ಎತ್ತುತ್ತಾನೆ ಅಂತ ನಾನು ತಮಾಷೆ ಮಾಡಿದೆ. ಅವನು ನಗಲಿಲ್ಲ. ನನ್ನ ನಾಲಿಗೆಗೆ ಲಗಾಮು ಕಡಿಮೆ, ಅದು ನನಗೂ ಗೊತ್ತು.

ಅವನ ಹೆಂಡತಿ ಮಾಯಮ್ಮ ಬಿಂಡಿಗನವಿಲೆ ಕಡೆಯ ಹಳ್ಳಿಗಳಲ್ಲಿ ಮಕ್ಕಳಿಗೆ ಲಸಿಕೆ ಹಾಕುವ ನರ್ಸಮ್ಮ. ಬಸ್ಸು ಬಿಂಡಿಗನವಿಲೆಗೆ ಹೋಗುತ್ತದೆ, ಅದರಾಚೆಯ ಊರುಗಳಿಗೆ ಕಾಲೇ ಗತಿ. ಮಂಜುಗಡ್ಡೆ ತುಂಬಿದ ಲಸಿಕೆ ಡಬ್ಬ ಹೊತ್ತು ಬಿಸಿಲಲ್ಲಿ ನಡೆಯುತ್ತಿದ್ದ ಅವರನ್ನು ದೇವಯ್ಯ ತನ್ನ ಹಳೇ ರಾಜದೂತ್ ಮೋಟಾರ್ ಸೈಕಲ್ಲಿನ ಹಿಂದೆ ಕೂರಿಸಿಕೊಂಡ. ಅವನಿಗೆ ರಸ್ತೆಯ ಬಲಗಡೆ ಚೆನ್ನಾಗಿ ಕಾಣುತ್ತಿತ್ತು. ಎಡಗಡೆಯದನ್ನು ಮಾಯಮ್ಮ ಅವನ ಭುಜದ ಮೇಲೆ ಗದ್ದವಿಟ್ಟು ಕಿವಿಯಲ್ಲಿ ಹೇಳುತ್ತಿದ್ದರು. ಕುರಿ ಬಂತು, ಹಳ್ಳ ಬಂತು, ಮೋರಿ ಬಂತು. ಹೀಗೆ ಎರಡು ವರ್ಷ ಸಂಸಾರವೂ ಸವಾರಿಯೂ ಒಟ್ಟಿಗೆ ನಡೆದವು.

ಆಮೇಲೆ ದೇವಲಾಪುರದ ಹತ್ತಿರ ಎಡಗಡೆಯಿಂದ ಕುರಿಹಿಂಡು ನುಗ್ಗಿತು. ಅವತ್ತು ಮಾಯಮ್ಮ ಹಿಂದೆ ಇರಲಿಲ್ಲ, ಅವನೊಬ್ಬನೇ ಇದ್ದ. ಬಿದ್ದು ಹಣೆಗೆ ಏಳು ಹೊಲಿಗೆ ಹಾಕಿಸಿಕೊಂಡ. ಮೈಸೂರಿನ ಕಣ್ಣಿನ ಡಾಕ್ಟರು, ತಲೆಗೆ ಇನ್ನೊಂದು ಏಟು ಬಿದ್ದರೆ ಇರುವ ಕಣ್ಣಿಗೂ ಅಪಾಯ, ಹೆಲ್ಮೆಟ್ ಹಾಕು, ಇಲ್ಲದಿದ್ದರೆ ಗಾಡಿ ಬಿಡು ಅಂದರು. ದೇವಯ್ಯ ಕಿವಿ, ಕೆನ್ನೆ ಎಲ್ಲ ಮುಚ್ಚುವ ದಪ್ಪ ಹೆಲ್ಮೆಟ್ ತಂದ. ಅದನ್ನು ಹಾಕಿದ ಮೊದಲ ದಿನವೇ ಮಾಯಮ್ಮನ ಮಾತು ಒಂದೂ ಕೇಳಿಸಲಿಲ್ಲ. ಬಿಂಡಿಗನವಿಲೆ ಸೇರುವಷ್ಟರಲ್ಲಿ ಆರು ಸಲ ನಿಲ್ಲಿಸಿ, ಹೆಲ್ಮೆಟ್ ತೆಗೆದು, ಏನಂದೆ ಅಂತ ಕೇಳಿದನಂತೆ. ಹಿಂಗಾದರೆ ನಾನು ಬಸ್ಸಿನಲ್ಲೇ ಹೋಗುತ್ತೇನೆ, ನೀವು ಮನೆಯಲ್ಲಿರಿ ಅಂದರು ಮಾಯಮ್ಮ. ಮನೆಯಲ್ಲಿ ಕೂರುವುದೆಂದರೆ ದೇವಯ್ಯನ ಮಟ್ಟಿಗೆ ಡ್ರೈವರ್ ಅನ್ನುವ ಹೆಸರನ್ನು ಮೊಳೆಗೆ ನೇತುಹಾಕಿದ ಹಾಗೆ.

ಮಾರನೆಯ ದಿನ ಹೆಲ್ಮೆಟ್ ಹಿಡಿದುಕೊಂಡು ನನ್ನ ಅಂಗಡಿಗೆ ಬಂದ. ಹಿಂದೆ ಕೂತವರ ಮಾತು ಇದರೊಳಗೆ ಕೇಳಿಸಬೇಕು, ಏನಾದರೂ ಮಾಡು ಅಂದ. ಇದ್ದದ್ದು ಮೂರು ದಾರಿ. ಹೊರದೇಶದ್ದೊಂದು ಸೆಟ್ಟನ್ನು ನಾನು ಬೆಂಗಳೂರಿನ ಅಂಗಡಿಯೊಂದರಲ್ಲಿ ನೋಡಿದ್ದೆ, ಎರಡು ಹೆಲ್ಮೆಟ್ಟಿಗೂ ವೈರು, ಮೈಕು. ಮಾಯಮ್ಮನಿಗೂ ಒಂದು ಹೆಲ್ಮೆಟ್ ಬೇಕು, ಅದರ ಸೆಲ್ಲು ನಾಗಮಂಗಲದಲ್ಲಿ ಸಿಗದು, ಕೆಟ್ಟರೆ ಬಿಚ್ಚಲು ನನಗೂ ಬಾರದು. ಅದನ್ನು ಬಿಟ್ಟೆವು. ಎರಡನೆಯದು ಮಾಯಮ್ಮ ಸೂಚಿಸಿದ ಅವರ ಹಳೇ ಸ್ಟೆತಸ್ಕೋಪು. ಕಿವಿಯ ತುದಿಗಳು ದೇವಯ್ಯನಿಗೆ, ಎದೆಗೆ ಒತ್ತುವ ಬಿಲ್ಲೆ ಮಾಯಮ್ಮನ ಬಾಯಿಗೆ. ನಿಂತಾಗ ಮಾತು ಸೊಗಸಾಗಿ ಕೇಳಿಸಿತು. ಗಾಡಿ ಹೊರಟು ಗಾಳಿ ಹೊಡೆದದ್ದೇ ಕಿವಿಯೊಳಗೆ ಅಕ್ಕಿ ಗಿರಣಿ ನಡೆದ ಹಾಗಾಯಿತಂತೆ.

ಮೂರನೆಯದು ನಾನೇ ಜೋಡಿಸಿ ಮಾಡುವುದು. ನಿಜ ಹೇಳಬೇಕೆಂದರೆ ಮೊದಲಿಂದಲೂ ನನ್ನ ಮನಸ್ಸು ಅದರ ಮೇಲೇ ಇತ್ತು, ಉಳಿದ ಎರಡಕ್ಕೆ ಸ್ವಲ್ಪ ಜಾಸ್ತಿಯೇ ತಪ್ಪು ಹುಡುಕಿದೆ. ಟೇಪ್ ರೆಕಾರ್ಡರಿನ ಮೈಕು, ವಾಕ್‌ಮನ್ನಿನ ಇಯರ್‌ಫೋನು, ಸೋಪಿನ ಡಬ್ಬದೊಳಗೆ ಆಂಪ್ಲಿಫೈಯರು, ಬ್ಯಾಟರಿ. ನಾಲ್ಕು ದಿನ ಕೂತು ಮಾಡಿದೆ. ಅಂಗಡಿಯಲ್ಲಿ ಮಾಯಮ್ಮ ಪಿಸುಗುಟ್ಟಿದ್ದೂ ದೇವಯ್ಯನಿಗೆ ಕೇಳಿಸಿತು. ನಾನು ಟೀ ತರಿಸಿ ಕುಡಿಸಿದೆ.

ಅದಾದ ಮೂರನೇ ದಿನ ಇಬ್ಬರೂ ಮಣ್ಣು ಮೆತ್ತಿಕೊಂಡು ಅಂಗಡಿ ಮೆಟ್ಟಿಲು ಹತ್ತಿದರು. ಮಾಯಮ್ಮನ ಮೊಣಕಾಲು ತರಚಿತ್ತು. ಸೋಪಿನ ಡಬ್ಬವನ್ನು ನನ್ನ ಮುಂದಿಟ್ಟು ಅವರು ಅಂದರು:

"ಶಿವಣ್ಣ, ನಾನು ಅಳ್ಳ, ಅಳ್ಳ ಅಂತೀನಿ. ನಿಮ್ ಮಿಷಿನ್ನು ಇವ್ರಿಗೆ ಅಲ್ಲ, ಅಲ್ಲ ಅಂತ ಏಳ್ತದೆ."

ನಡೆದದ್ದು ಇಷ್ಟು. ದೇವಯ್ಯ ರಸ್ತೆಯ ಮಧ್ಯದಲ್ಲೇ ಸರಿಯಾಗಿ ಹೋಗುತ್ತಿದ್ದ. ಕಿವಿಯಲ್ಲಿ ಅಲ್ಲ, ಅಲ್ಲ ಅಂದದ್ದು ಕೇಳಿ, ತಾನು ಹೋಗುತ್ತಿರುವುದು ತಪ್ಪು, ಇನ್ನೂ ಪಕ್ಕಕ್ಕೆ ಸರಿಯಬೇಕು ಅಂದುಕೊಂಡು ಎಡಕ್ಕೆ ತಿರುಗಿಸಿದ. ಹಳ್ಳ ಇದ್ದದ್ದು ಅಲ್ಲಿಯೇ. ನಮ್ಮ ಕಡೆ ಹಳ್ಳದ ಹಕಾರವನ್ನು ಯಾರೂ ಬಾಯಿಗೆ ತರುವುದಿಲ್ಲ, ಳಕಾರವನ್ನು ನನ್ನ ಅಗ್ಗದ ಮೈಕು ನುಂಗಿತ್ತು. ತಪ್ಪು ನನ್ನದೇ ಅಂತ ಒಪ್ಪಿಕೊಳ್ಳುವ ಬದಲು, ಇನ್ನು ಮೇಲೆ ಗುಂಡಿ ಅನ್ನಿ ಅಂತ ಮಾಯಮ್ಮನಿಗೆ ಬುದ್ಧಿ ಹೇಳಿದೆ. ಎದುರಿಗೆ ಹಳ್ಳ ಬಂದಾಗ ಬಾಯಿಗೆ ಬರುವುದು ಹುಟ್ಟಿದಾಗಿನಿಂದ ಬಂದ ಮಾತೇ ಹೊರತು ಶಿವಣ್ಣ ಕಲಿಸಿದ್ದಲ್ಲ ಅಂತ ಅವರು ಮುಖಕ್ಕೆ ಹೊಡೆದ ಹಾಗೆ ಹೇಳಿದರು.

ದೇವಯ್ಯ ಇದಾವುದನ್ನೂ ಕೇಳಿಸಿಕೊಂಡ ಹಾಗಿರಲಿಲ್ಲ. ಹೆಂಡತಿಯ ಮೊಣಕಾಲನ್ನೇ ನೋಡುತ್ತಿದ್ದ. ಜೇಬಿನಿಂದ ಗಾಡಿ ಕೀ ತೆಗೆದು ನನ್ನ ಮೇಜಿನ ಮೇಲಿಟ್ಟ.

"ನಾಳಿಂದ ನೀನು ಬಸ್ನಲ್ಲೇ ಓಗಮ್ಮಿ. ನನ್ ಕೈಲಾಗಕ್ಕಿಲ್ಲ."

ಹದಿನೈದು ವರ್ಷದಲ್ಲಿ ಅವನ ಬಾಯಲ್ಲಿ ಆ ಮಾತು ನಾನು ಕೇಳಿರಲಿಲ್ಲ. ನನಗೆ ನಾಚಿಕೆಯಾಯಿತು, ಸಂಕಟವೂ ಆಯಿತು.

ಅಷ್ಟರಲ್ಲಿ ಎದುರಿನ ಸ್ಟ್ಯಾಂಡಿನಲ್ಲಿ ಯಾವುದೋ ಬಸ್ಸಿನ ಕಂಡಕ್ಟರ್ ಎರಡು ವಿಷಲ್ ಊದಿದ. ಬೆಂಚಿನ ಮೇಲೆ ಕೂತಿದ್ದ ದೇವಯ್ಯನ ಎಡಗಾಲು ಕ್ಲಚ್ಚು ಒತ್ತುವ ಹಾಗೆ ನೆಲವನ್ನು ಒತ್ತಿ ಮೆಲ್ಲಗೆ ಮೇಲೆದ್ದಿತು. ಬಸ್ಸು ನಾಲ್ಕು ಮಾರು ಹೋಗುವಷ್ಟರಲ್ಲಿ ಯಾರೋ ಓಡಿಬಂದರು, ಕಂಡಕ್ಟರ್ ಒಂದು ವಿಷಲ್ ಊದಿದ. ದೇವಯ್ಯನ ಬಲಗಾಲು ಬ್ರೇಕು ತುಳಿಯಿತು. ಅವನಿಗೆ ಇದರ ಅರಿವೇ ಇರಲಿಲ್ಲ. ಹೆಲ್ಮೆಟ್ ಇನ್ನೂ ತಲೆಯ ಮೇಲೇ ಇತ್ತು.

ಇದನ್ನು ನಾನೂ ನೋಡಿದೆ, ಆದರೆ ಅರ್ಥವಾದದ್ದು ಮಾಯಮ್ಮನಿಗೆ. ಅವರು ಕುಂಟಿಕೊಂಡೇ ರಸ್ತೆ ದಾಟಿ ಆ ಬಸ್ಸಿನ ಹತ್ತಿರ ಹೋದರು. ಕಂಡಕ್ಟರನ ಮಗುವಿಗೆ ಲಸಿಕೆ ಹಾಕಿದ್ದವರು ಅವರೇ ಅಂತೆ, ಕೇಳಿದ ತಕ್ಷಣ ಚೀಲದಲ್ಲಿದ್ದ ಇನ್ನೊಂದು ವಿಷಲ್ ಕೊಟ್ಟನಂತೆ. ವಾಪಸು ಬಂದು, ಸೆರಗಿನಲ್ಲಿ ಅದನ್ನು ಒರೆಸಿ, ಮೇಜಿನ ಮೇಲಿದ್ದ ಕೀಯನ್ನು ಗಂಡನ ಕೈಗೆ ಕೊಟ್ಟರು. ಒಂದು ಊದಿದರೆ ಎಡಕ್ಕೆ ಏನೋ ಇದೆ, ಬ್ರೇಕು. ಎರಡು ಊದಿದರೆ ರೈಟ್, ಹೋಗಬಹುದು. ಇದನ್ನು ಅವನಿಗೆ ಯಾರೂ ಕಲಿಸಬೇಕಾಗಿರಲಿಲ್ಲ.

ನನ್ನ ಸೋಪಿನ ಡಬ್ಬ ನನ್ನ ಹತ್ತಿರವೇ ಉಳಿಯಿತು. ಮೈಕನ್ನಾದರೂ ಒಳ್ಳೆಯದು ಹಾಕಿಕೊಡುತ್ತೇನೆ, ಮಾತೂ ಇರಲಿ ಅಂತ ಒಂದು ವಾರ ಬಿಟ್ಟು ನಾನೇ ಕೇಳಿದೆ.

"ಬ್ಯಾಡ ಕಣ್ಲಾ," ಅಂದ ದೇವಯ್ಯ. "ಗಾಡಿ ಓಡಿಸ್ವಾಗ ಕಂಡಕ್ಟರು ಡ್ರೈವರ್ ಜೊತೆ ಮಾತಾಡಕ್ಕಿಲ್ಲ."

ಆ ವರ್ಷದ ಯುಗಾದಿ ಕಳೆದ ಮೇಲೆ ಒಂದು ಬೆಳಿಗ್ಗೆ ನನ್ನ ಅಂಗಡಿ ಮುಂದೆ ರಾಜದೂತು ನಿಂತಿತ್ತು. ದೇವಯ್ಯ ಹೆಲ್ಮೆಟ್ ಹಾಕಿ, ಇಂಜಿನ್ ಚಾಲೂ ಮಾಡಿ ಕಾಯುತ್ತಿದ್ದ. ಮಾಯಮ್ಮ ಡಬ್ಬ ಸರಿಮಾಡಿಕೊಂಡು ಕೂತು ಎರಡು ವಿಷಲ್ ಊದಿದರು. ಎದುರಿನ ಸ್ಟ್ಯಾಂಡಿನಲ್ಲಿ ಶ್ರೀರಂಗಪಟ್ಟಣದ ಬಸ್ಸೂ ಇಂಜಿನ್ ಚಾಲೂ ಇಟ್ಟುಕೊಂಡೇ ನಿಂತಿತ್ತು. ಕಂಡಕ್ಟರ್ ಇನ್ನೂ ಟೀ ಅಂಗಡಿಯಲ್ಲಿದ್ದ, ಬಸ್ಸು ಮಾತ್ರ ಹೊರಟೇಬಿಟ್ಟಿತು. ಕಂಡಕ್ಟರ್ ಬೊಬ್ಬೆ ಹೊಡೆಯುತ್ತ ಓಡಿದ. ಎರಡೂ ಗಾಡಿ ರಸ್ತೆಯಲ್ಲಿ ಎದುರುಬದುರು ನಿಂತವು.

ಬಸ್ಸಿನ ಡ್ರೈವರ್ ಮಂಚಯ್ಯ, ದೇವಯ್ಯನ ಸೀಟಿಗೆ ಬಂದವನು. ಯಾವನ್ಲಾ ರೈಟ್ ಕೊಟ್ಟಿದ್ದು ಅಂತ ಕಿಟಕಿಯಿಂದ ತಲೆ ಹೊರಹಾಕಿದ. ದೇವಯ್ಯ ಹೆಲ್ಮೆಟ್ಟಿನ ಮುಂದಿನ ಗಾಜು ಎತ್ತಿದ. ಮಂಚಯ್ಯ ಅವನ ಮುಖ ನೋಡಿದ, ಮಾಯಮ್ಮನ ಬಾಯಲ್ಲಿದ್ದ ವಿಷಲ್ ನೋಡಿದ.

"ರೈಟು ನಿಮ್ ಗಾಡಿಗಾ ಡ್ರೈವರಣ್ಣ? ಅಂಗಾದ್ರೆ ನೀವೇ ಮುಂದೆ ಓಗಿ," ಅಂತ ಬಸ್ಸನ್ನು ಹಿಂದಕ್ಕೆ ತೆಗೆದುಕೊಂಡು, ಸ್ಟೇರಿಂಗ್ ಮೇಲಿಂದ ಒಂದು ಕೈ ಎತ್ತಿದ.

ದೇವಯ್ಯನೂ ಕೈ ಎತ್ತಿದ. ದಾರಿ ಖಾಲಿಯಾಗಿದ್ದರೂ ಗಾಡಿ ಮಾತ್ರ ಬಿಡಲಿಲ್ಲ. ಹಿಂದಿನಿಂದ ಮಾಯಮ್ಮ ಇನ್ನೊಮ್ಮೆ ಎರಡು ವಿಷಲ್ ಊದಿದ ಮೇಲೆ ಹೊರಟ.