ಹಾರುವ ಹುಡುಗಿ ಮತ್ತು ಒದ್ದೆ ಜಾಕೆಟ್ಟು

ಒದ್ದೆ ಲೈಫ್ ಜಾಕೆಟ್ಟಿಗೆ ಒಂದು ವಾಸನೆಯಿದೆ: ಪಾಚಿ, ರಬ್ಬರು, ಬೆವರು. ಇವತ್ತು ಬೆಳಿಗ್ಗೆ ಹಿತ್ತಲಿಗೆ ಹೋದಾಗ ಅದು ಮೂಗಿಗೆ ಬಡಿದು ನನಗೆ ನಾಚಿಕೆಯಾಯಿತು. ಜಾಕೆಟ್ಟು ಕಂಡು ನಾಚುವ ಗಂಡಸನ್ನು ನೀವು ನೋಡಿರಲಿಕ್ಕಿಲ್ಲ. ಸ್ವಲ್ಪ ಕೂತು ಕೇಳಿ.

ನಾನು ಬಂಗೂರನಗರದಲ್ಲಿದ್ದುಕೊಂಡು ಕಾಲೇಜಿನಲ್ಲಿ ಪಾಠ ಹೇಳುವವನು. ಜಪಾನಿನ ಅನಿಮೇಶನ್ ಸಿನಿಮಾಗಳಲ್ಲಿ ಹೆಣ್ಣು, ನಿಸರ್ಗ ಮತ್ತು ಯುದ್ಧ ಎಂಬುದು ನನ್ನ ಸಂಶೋಧನೆಯ ವಿಷಯ. ಅವ್ವ ಮಾತ್ರ ಇವತ್ತಿಗೂ "ನಮ್ಮ ಹುಡುಗ ಕಾರ್ಟೂನ್ ನೋಡಿ ಡಾಕ್ಟರ್ ಆಗ್ಯಾನ" ಎಂದೇ ಓಣಿಗೆಲ್ಲ ಹೇಳುತ್ತಾಳೆ. ಆ ಸಿನಿಮಾಗಳನ್ನು ಮೊದಲು ಪೆನ್‌ಡ್ರೈವಿನಲ್ಲಿ ಮನೆಗೆ ತಂದವಳು ನನ್ನ ತಂಗಿ ಶೈಲಾ. ಗಣೇಶಗುಡಿಯಲ್ಲಿ ಪ್ರವಾಸಿಗರನ್ನು ರಬ್ಬರ್ ದೋಣಿಯಲ್ಲಿ ಕೂರಿಸಿಕೊಂಡು ಕಾಳಿ ನದಿಯ ಸೆಳವಿನಲ್ಲಿ ಕರೆದೊಯ್ಯುವುದು ಅವಳ ಕೆಲಸ. ಇಬ್ಬರೂ ಚುರುಮುರಿ ತಿನ್ನುತ್ತ ನೋಡುತ್ತಿದ್ದೆವು. ನಾನು ನಡುನಡುವೆ ನಿಲ್ಲಿಸಿ ಅರ್ಥ ಹೇಳುತ್ತಿದ್ದೆ. ಅವಳು "ಸುಮ್ನ ನೋಡೋ ಅಣ್ಣಾ" ಅನ್ನುತ್ತಿದ್ದಳು.

ಕೆಲವು ವರ್ಷಗಳ ಹಿಂದೆ ಒಂದು ವಿಚಾರ ಸಂಕಿರಣದಲ್ಲಿ ನಾನು ಭಾರೀ ಭಾಷಣ ಬಿಗಿದೆ. ಈ ಸಿನಿಮಾಗಳಲ್ಲಿ ಗಂಡಸರು ಯುದ್ಧ ಹೂಡಿ ಕಾಡು ಸುಡುತ್ತಾರೆ, ಅದನ್ನು ತಡೆಯಲು ಒಬ್ಬ ಹುಡುಗಿ ಹಾರಿ ಬರುತ್ತಾಳೆ ಎಂದೆ. ಹಾಗಂತ ಹೆಣ್ಣೇ ನಿಸರ್ಗ ಎಂದು ಪೂಜೆಗೆ ಕೂರಿಸಿದರೆ ಅವಳ ಕೈ ಕಟ್ಟಿದಂತೆ, ಅವಳು ಕೆಲಸ ಬಲ್ಲವಳು, ಈ ಕಥೆಗಳು ಅವಳಿಗೆ ತಾಳಿ ಕಟ್ಟಿ ಮುಗಿಯುವುದಿಲ್ಲ ಎಂದೆ. ಹಿಂದಿನ ಸಾಲಿನಲ್ಲಿದ್ದ ಶೈಲಾ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದಳು.

ಆ ಭಾನುವಾರವೇ ತೇರಗಾಂವದಿಂದ ಗಂಡಿನ ಕಡೆಯವರು ಅವಳನ್ನು ನೋಡಲು ಬಂದರು. ಅವರು ಬರುವ ಮುಂಚೆ ಅಂಗಳದಲ್ಲಿ ಒಣಗುತ್ತಿದ್ದ ಅವಳ ಜಾಕೆಟ್ಟನ್ನು ಹಿತ್ತಲಿಗೆ ಸಾಗಿಸಿದವನು ನಾನೇ.

"ಹುಡುಗಿ ಏನ್ ಮಾಡ್ತಾಳ್ರೀ?" ಎಂದರು ಹುಡುಗನ ಸೋದರತ್ತೆ.

"ಹೋಮ್‌ಸ್ಟೇ ಆಫೀಸಿನ್ಯಾಗ ಕಂಪ್ಯೂಟರ್ ಮುಂದ ಕುಂತಿರ್ತಾಳ್ರೀ" ಎಂದುಬಿಟ್ಟೆ.

ಅಷ್ಟರಲ್ಲಿ ಶೈಲಾ ಚಹಾ ತಂದಳು. ಹುಟ್ಟು ಹಾಕಿ ಹಾಕಿ ಜಡ್ಡುಗಟ್ಟಿದ ಅವಳ ಅಂಗೈ ಅತ್ತೆಯ ಕಣ್ಣಿಗೆ ಬಿತ್ತು. "ಕೈ ಯಾಕ ಹಿಂಗಾಗ್ಯಾವ ಯವ್ವಾ?"

ಶೈಲಾ ನನ್ನ ಮುಖ ನೋಡಿದಳು. "ಮನ್ಯಾಗ ಬಟ್ಟಿ ಭಾಳ ಇರ್ತಾವ್ರೀ" ಎಂದಳು. ನನ್ನ ಮರ್ಯಾದೆ ಉಳಿಸಲು ತನ್ನ ಕೈಗಳನ್ನು ಸೆರಗಿನೊಳಗೆ ಅಡಗಿಸಿಕೊಂಡಳು.

ಅವರು ಒಪ್ಪಿದರು. ಇವಳು ಒಲ್ಲೆನೆಂದಳು, ಕಾರಣ ಹೇಳಲಿಲ್ಲ. ಅವ್ವ ತಿಂಗಳುಗಟ್ಟಲೆ ಅವಳನ್ನು ಬೈದಳು. ನಾನು ಪಕ್ಕದಲ್ಲೇ ಪೇಪರು ಹಿಡಿದು ಕೂತಿರುತ್ತಿದ್ದೆ. ಒಂದು ದಿನ ಅವಳೇ ಮೆಲ್ಲಗೆ ಕೇಳಿದಳು: "ಅಣ್ಣಾ, ಆ ಹಾರೂ ಹುಡುಗಿ ನಿನ್ನ ತಂಗಿ ಆಗಿದ್ರ, ಆಕೀನೂ ಆಫೀಸಿನ್ಯಾಗ ಕುಂತಿರ್ತಾಳ ಅಂತಿದ್ದೇನು?" ಪುರಾಣ ಹೇಳೋದಕ್ಕೆ, ಬದನೆಕಾಯಿ ತಿನ್ನೋದಕ್ಕೆ ಎಂಬ ಗಾದೆ ನನ್ನಂಥವರನ್ನು ನೋಡಿಯೇ ಹುಟ್ಟಿರಬೇಕು.

ಅಂದಿನಿಂದ ಜಾಕೆಟ್ಟು ಹಿತ್ತಲಲ್ಲೇ ಒಣಗುತ್ತದೆ. ಅವಳು ಅದನ್ನು ಮತ್ತೆ ಅಂಗಳಕ್ಕೆ ತರಲಿಲ್ಲ.

ಇವತ್ತು ಹಳಿಯಾಳದಿಂದ ಇನ್ನೊಂದು ಮನೆಯವರು ಬರುವವರಿದ್ದಾರೆ. ನಾನು ಜಾಕೆಟ್ಟನ್ನು ತಂದು ಮುಂಬಾಗಿಲ ಪಕ್ಕದ ಮೊಳೆಗೆ ತೂಗುಹಾಕಿದೆ.

"ಒಳಗ ಇಡೋ, ಅವ್ರು ಬರೂ ಹೊತ್ತಾತು" ಎಂದಳು ಅವ್ವ.

"ಇರ್ಲಿ ಬೇ ಅವ್ವಾ. ಕೇಳಿದ್ರ ನಾನ ಹೇಳ್ತೇನಿ."

ಒಳಗಿನಿಂದ ಶೈಲಾ ಬಂದು ನೋಡಿದಳು. ನಗಲಿಲ್ಲ. ಜಾಕೆಟ್ಟನ್ನು ಮೊಳೆಯಿಂದ ತೆಗೆದು ನನ್ನ ಕೈಗೆ ಕೊಟ್ಟಳು.

"ಮೊಳಿಗೇನು ನಾಚಿಕಿ ಇರ್ತೈತಿ? ನೀ ಹಿಡ್ಕೊಂಡು ನಿಂದ್ರು."

ಹೊರಗೆ ಗಾಡಿ ನಿಂತ ಸದ್ದಾಗಿದೆ. ನಾನು ಹಿಡಿದುಕೊಂಡು ಬಾಗಿಲಲ್ಲಿ ನಿಂತಿದ್ದೇನೆ; ನೀರು ಕಾಲ ಮೇಲೆ ತೊಟ್ಟಿಕ್ಕುತ್ತಿದೆ.