ಹೆತ್ತ ಚಿಟ್ಟೆಯನ್ನು ಅರೆದವಳು

ನಮ್ಮ ಮನೆತನದಲ್ಲಿ ಒಂದು ಕಥೆ ಓಡಾಡುತ್ತಿದೆ. ಮದುವೆಯಿರಲಿ, ನಾಮಕರಣವಿರಲಿ, ಎಲೆ ಹಾಕಿ ಅನ್ನ ಬರುವುದರೊಳಗೆ ಯಾರಾದರೊಬ್ಬರು ಅದನ್ನು ತೆಗೆಯುತ್ತಾರೆ. ಕಥೆ ಇಷ್ಟು: ಟೇಕಲ್ ಕಡೆಯ ಹುಡುಗಿಯೊಬ್ಬಳು ಬೆಂಗಳೂರಿಗೆ ಹೋಗಿ ದೊಡ್ಡ ಓದು ಓದಿದಳು, ರಜೆಗೆ ಬಂದವಳು ಮುಟ್ಟಾಗಿದ್ದಾಗ ದೊಡ್ಡಪ್ಪನ ಹುಳುಮನೆಗೆ ಕಾಲಿಟ್ಟಳು, ಆ ಸಲದ ರೇಷ್ಮೆಹುಳವೆಲ್ಲ ಸತ್ತುಹೋಯಿತು. ಆ ಹುಡುಗಿ ನಾನು.

ಒಳ್ಳೆಯ ಕಥೆ. ಚಿಕ್ಕದು, ಯಾರಿಗೂ ಅರ್ಥವಾಗುತ್ತದೆ, ತಪ್ಪು ಮಾಡಿದವಳು ಹೆಣ್ಣು, ಅದರಲ್ಲೂ ಓದಿದ ಹೆಣ್ಣು. ಇದಕ್ಕಿಂತ ಅನುಕೂಲವಾದದ್ದನ್ನು ಯಾರು ಕಟ್ಟಬಲ್ಲರು? ಕೋಲಾರದ ಕಾಲೇಜಿನಲ್ಲಿ ನಮ್ಮನ್ನು ಚರ್ಚಾಸ್ಪರ್ಧೆಗೆ ತಯಾರು ಮಾಡುತ್ತಿದ್ದ ಮೇಷ್ಟ್ರು ಒಂದು ಪಾಠ ಕಲಿಸಿದ್ದರು. ಎದುರಾಳಿಯ ವಾದ ತೀರಾ ನುಣ್ಣಗಿದ್ದರೆ ಚಪ್ಪಾಳೆ ತಟ್ಟಬೇಡಿ, ಒಳಗೆ ಕೈ ಹಾಕಿ ನೋಡಿ ಎಂದು. ಈಗ ಹಾಕುತ್ತಿದ್ದೇನೆ. ಸಮಾಧಾನದಿಂದ ಬರೆಯುತ್ತಿದ್ದೇನೆಂದು ಯಾರೂ ತಿಳಿಯಬೇಡಿ. ನನ್ನ ಸಿಟ್ಟು ಆರಿಲ್ಲ, ಆರಿಸಿಕೊಳ್ಳುವ ಉದ್ದೇಶವೂ ಇಲ್ಲ.

ಎಂಬತ್ತರ ದಶಕದ ನಡುವೆ ನಾನು ವಿಶ್ವವಿದ್ಯಾಲಯದಲ್ಲಿ ಜೈವಿಕ ತಂತ್ರಜ್ಞಾನ ಓದಲು ಸೇರಿದೆ. ಆಗ ಆ ಹೆಸರೇ ಹೊಸದು. ಮಾಲೂರಿನ ಬಸ್‌ಸ್ಟ್ಯಾಂಡಿನಲ್ಲಿ ಪರಿಚಯದವರು ಅಪ್ಪನನ್ನು ಕೇಳುತ್ತಿದ್ದರು:

"ಮಗಳು ಡಾಕ್ಟ್ರು ಓದ್ತಾವಳಾ?"

"ಇಲ್ಲ ಕಣಪ್ಪ."

"ಮತ್ತೆ, ಮೇಡಮ್ಮಾಗ್ತಾಳಾ?"

"ಅದೂ ಅಲ್ಲ. ಕಣ್ಣಿಗ್ ಕಾಣ್ದೇ ಇರೋದನ್ನ ಓದ್ತಾಳೆ."

"ಓ, ಜ್ಯೋತಿಷ್ಯ!"

ಅಪ್ಪ ಬಸ್ಸು ಬಂತೆಂದು ತಪ್ಪಿಸಿಕೊಳ್ಳುತ್ತಿದ್ದರು.

ಆ ಓದಿನ ಜೊತೆಗೆ ನಮಗೊಂದು ಬಾಲ ಅಂಟಿಸಿದ್ದರು. ಅದರ ಹೆಸರು ಉದ್ಯಮಶೀಲತೆ. ಬೆಳಗ್ಗೆ ಪ್ರಯೋಗಾಲಯ, ಮಧ್ಯಾಹ್ನ ಕಾಮರ್ಸಿನವರಿಂದ ಎರವಲು ಪಡೆದ ಕೊಠಡಿಯಲ್ಲಿ ವ್ಯಾಪಾರದ ಪಾಠ. ಬೆಳಗಿನ ಮೇಡಂ ಹೇಳುತ್ತಿದ್ದರು, ಕಂಡದ್ದನ್ನು ಕಂಡ ಹಾಗೆ ಹೇಳಿ. ಮಧ್ಯಾಹ್ನದ ಮೇಷ್ಟ್ರು ಹೇಳುತ್ತಿದ್ದರು, ಗಿರಾಕಿಯ ಮನಸ್ಸು ನೋಯಿಸಬೇಡಿ. ಇವೆರಡೂ ಒಂದೇ ದಿನ ಒಂದೇ ತಲೆಯೊಳಗೆ ಹೇಗೆ ಇರಬೇಕೆಂದು ನಾನು ಎದ್ದು ಕೇಳಿದೆ. ಮೇಷ್ಟ್ರು ನಕ್ಕು, "ಊರಿಗೆ ಹೋಗಮ್ಮ, ಗೊತ್ತಾಗುತ್ತೆ" ಎಂದರು.

ಊರಿಗೆ ಹೋಗುವುದೇ ಪರೀಕ್ಷೆಯಾಗಿತ್ತು. ಪ್ರಯೋಗಾಲಯದಲ್ಲಿ ಕಲಿತ ಯಾವುದಾದರೊಂದು ಕೆಲಸವನ್ನು ನಮ್ಮ ನಮ್ಮ ಜಿಲ್ಲೆಗೆ ಒಯ್ದು ಒಂದು ಬೆಳೆಯ ಕಾಲ ನಡೆಸಿ ತೋರಿಸಬೇಕು. ನಾನು ಆರಿಸಿಕೊಂಡದ್ದು ತಾಯಿ ಚಿಟ್ಟೆಯ ತಪಾಸಣೆ. ರೇಷ್ಮೆಹುಳಕ್ಕೆ ಗಂಟುರೋಗ ಎಂಬುದೊಂದಿದೆ. ಅದು ತಾಯಿಯ ಹೊಟ್ಟೆಯಿಂದಲೇ ಮೊಟ್ಟೆಗೆ ಇಳಿಯುತ್ತದೆ. ಮೊಟ್ಟೆ ನೋಡಿದರೆ ಏನೂ ತಿಳಿಯದು. ಮೊಟ್ಟೆಯಿಟ್ಟ ಚಿಟ್ಟೆಯನ್ನು ಕಲ್ಬತ್ತಿನಲ್ಲಿ ಅರೆದು, ಒಂದು ತೊಟ್ಟನ್ನು ಸೂಕ್ಷ್ಮದರ್ಶಕದಡಿ ಇಟ್ಟು ನೋಡಬೇಕು. ರೋಗವಿದ್ದರೆ ಆ ಮೊಟ್ಟೆಯನ್ನು ಸುಟ್ಟುಬಿಡಬೇಕು. ಬೇರೆ ದಾರಿಯಿಲ್ಲ.

ನನ್ನ ಮೊದಲ ಗಿರಾಕಿ ದೊಡ್ಡಪ್ಪ, ಅಪ್ಪನ ಅಣ್ಣ. ಅವರು ಹುಳ ಮೇಯಿಸುವುದರ ಜೊತೆಗೆ ಲೈಸೆನ್ಸ್ ಪಡೆದು ಮೊಟ್ಟೆ ತಯಾರಿಸಿ ಮಾರುತ್ತಿದ್ದರು. ಮುಳಬಾಗಿಲು, ಶ್ರೀನಿವಾಸಪುರ, ಆಂಧ್ರ ಗಡಿಯ ನಂಗಲಿಯವರೆಗೂ ಅವರ ಮೊಟ್ಟೆ ಹಾಳೆ, ಅಂದರೆ ಚಿಟ್ಟೆಗಳು ಮೊಟ್ಟೆಯಿಟ್ಟ ಕಾಗದ, ಹೋಗುತ್ತಿತ್ತು. ಲೈಸೆನ್ಸಿಗೆ ಸೂಕ್ಷ್ಮದರ್ಶಕ ಇರಲೇಬೇಕು, ಹಾಗಾಗಿ ಇತ್ತು. ದೇವರ ಗೂಡಿನ ಪಕ್ಕದ ಮೇಜಿನ ಮೇಲೆ ಕೆಂಪು ವಸ್ತ್ರ ಹೊದ್ದು ಕೂತಿತ್ತು. ವರ್ಷಕ್ಕೊಮ್ಮೆ ಆಯುಧಪೂಜೆಗೆ ವಸ್ತ್ರ ತೆಗೆದು, ಕುಂಕುಮ ಹಚ್ಚಿ, ನಿಂಬೆಹಣ್ಣು ಇಟ್ಟು, ಮತ್ತೆ ಹೊದಿಸುತ್ತಿದ್ದರು.

ಬಳಸದೇ ಇದ್ದುದಕ್ಕೆ ಒಂದು ಪದ್ಧತಿ ಕಾರಣ. ಅವರ ಮನೆಯಲ್ಲಿ ಮೊಟ್ಟೆಯಿಟ್ಟ ಚಿಟ್ಟೆಯನ್ನು ಅರೆಯುತ್ತಿರಲಿಲ್ಲ. ಹಿಪ್ಪುನೇರಳೆ ಸೊಪ್ಪು ಹಾಸಿದ ಮೊರದಲ್ಲಿ ಅವನ್ನು ಕೂರಿಸಿ, ಅರಿಸಿನ ಕುಂಕುಮ ಚಿಮುಕಿಸಿ, ಹೆತ್ತವಳನ್ನು ತವರಿಗೆ ಕಳಿಸುವ ಹಾಗೆ ಅರಳೀಕಟ್ಟೆಗೆ ಒಯ್ದು ಬಿಟ್ಟು ಬರುತ್ತಿದ್ದರು. ಊರಿಗೆಲ್ಲ ಆ ಪದ್ಧತಿಯ ಮೇಲೆ ಗೌರವ. ಕಟ್ಟೆಯ ಹಿಂದೆ ಕಾಯುತ್ತಿದ್ದ ಕೋಳಿಗಳಿಗಂತೂ ಇನ್ನೂ ಹೆಚ್ಚು.

ಜುಲೈನಲ್ಲಿ ಹೋಗಿ ಚಿಟ್ಟೆ ಕೊಡಿ ಎಂದು ಕೇಳಿದೆ. ಜಗಲಿಯಲ್ಲಿ ಮೊಟ್ಟೆಗೆ ಬಂದ ರೈತರಿದ್ದರು.

"ಹೆತ್ತೋಳ್ನ ಅರೀತಾರೇನೇ, ಪಾಪಿ?" ಎಂದರು ದೊಡ್ಡಪ್ಪ.

"ನಾನು ಅರೆದರೆ ಪಾಪ, ಕಟ್ಟೆ ಹತ್ರ ಕೋಳಿ ತಿಂದ್ರೆ ಪುಣ್ಯಾನಾ ದೊಡ್ಡಪ್ಪ?"

"ಕೋಳಿ ಹೊಟ್ಟೆಪಾಡಿಗ್ ತಿಂತದೆ. ನೀನು ಮಾರ್ಕ್ಸಿಗ್ ಅರೀತೀಯ."

ಜಗಲಿಯೆಲ್ಲ ನಕ್ಕಿತು. ನಾನು ಬಿಡಲಿಲ್ಲ. "ನೂಲು ತೆಗೆಯೋವಾಗ ಗೂಡು ಬೇಯಿಸ್ತಾರಲ್ಲ, ಒಳಗಿರೋ ಹುಳ ಜೀವ ಅಲ್ವಾ?"

"ಅದು ಮಾರಿದ್ ಮ್ಯಾಲೆ ಕಣೇ. ನನ್ ಬಾಗ್ಲು ದಾಟಿದ್ದು ನನ್ ಪಾಪ ಅಲ್ಲ."

ಮತ್ತೆ ನಗು. ಅವರು ವಾದ ಮಾಡುವ ರೀತಿ ನನಗೆ ಇಷ್ಟವಾಯಿತು ಎಂಬುದನ್ನು ಇಲ್ಲಿ ಒಪ್ಪಿಕೊಳ್ಳಲೇಬೇಕು. ಆದರೆ ಆ ಕೊನೆಯ ಮಾತನ್ನು ನಾನು ಮರೆಯಲಿಲ್ಲ.

ಚಿಟ್ಟೆ ಸಿಗಲಿಲ್ಲ. ಕೆಲಸ ನೋಡಲು ಮಾತ್ರ ಒಪ್ಪಿದರು, ಅದಕ್ಕಾಗಿ ಕೆಲವು ದಿನ ಅವರ ಮನೆಯಲ್ಲೇ ಉಳಿದೆ. ಮೊಟ್ಟೆ ಕೋಣೆ, ಹುಳುಮನೆ ಎರಡನ್ನೂ ನೋಡಿದೆ, ಬಾಗಿಲಲ್ಲಿ ಕಾಲು ತೊಳೆದು, ಬೇವಿನ ತೋರಣದಡಿ ತಲೆ ಬಗ್ಗಿಸಿಯೇ ಒಳಗೆ ಹೋದೆ. ಅದಕ್ಕೆ ಹಿಂದಿನ ವಾರವಷ್ಟೇ ನಾನು ಅದೇ ಮನೆಯಲ್ಲಿ ಮೂರು ದಿನ ಹೊರಗೆ ಕೂತು, ತಲೆಗೆ ನೀರು ಹಾಕಿಕೊಂಡು ಒಳಗೆ ಬಂದಿದ್ದೆ. ನೀರು ಕಾಯಿಸಿ ಕೊಟ್ಟವರು ದೊಡ್ಡಮ್ಮ. ಮುಟ್ಟಾದವಳು ನೋಡಿದರೆ ಹುಳಕ್ಕೆ ಏನಾದೀತು ಎಂಬುದು ಬೇರೆಯೇ ವಾದ, ಅದನ್ನೂ ಗೆಲ್ಲಬಲ್ಲೆ. ಆದರೆ ಅವರ ಲೆಕ್ಕದಲ್ಲೇ ನೋಡಿದರೂ ನಾನು ಹೋದದ್ದು ಮಡಿಯಾದ ಮೇಲೆ.

ಆ ಬೆಳೆ ಕೆಟ್ಟಿತು. ದೊಡ್ಡಪ್ಪನ ತಟ್ಟೆಗಳಲ್ಲಿ ಹುಳ ಒಂದರ ಸಮ ಒಂದಿಲ್ಲ. ಒಂದು ಬೆರಳುದ್ದ, ಪಕ್ಕದ್ದು ಅಕ್ಕಿಕಾಳು. ಸೊಪ್ಪು ಹಾಕಿದರೆ ತಲೆಯೆತ್ತದೆ ಬಿದ್ದುಕೊಂಡಿದ್ದವು, ಮೈಮೇಲೆ ಮೆಣಸು ಉದುರಿಸಿದ ಹಾಗೆ ಕಪ್ಪು ಚುಕ್ಕೆ. ಶ್ರೀನಿವಾಸಪುರದಿಂದ, ಮುಳಬಾಗಿಲಿನಿಂದ, ನಂಗಲಿಯಿಂದ ಮೊಟ್ಟೆ ಒಯ್ದವರು ಅದೇ ಸುದ್ದಿ ಹೊತ್ತು ಬಂದು ಜಗಲಿ ತುಂಬ ಕೂತರು. ನನ್ನನ್ನೂ ಅಪ್ಪನನ್ನೂ ಕರೆಸಿದ್ದರು. ಯಾಕೆಂದು ನಮಗೆ ಗೊತ್ತಿರಲಿಲ್ಲ.

ದೊಡ್ಡಪ್ಪ ಎಲ್ಲರೆದುರು ಹೇಳಿದರು: "ನನ್ ಮೊಟ್ಟೇಲಿ ಏನೂ ದೋಷ ಇಲ್ಲ. ಇವ್ಳು ಬರಬಾರ್ದ ಟೈಮಲ್ಲಿ ಕೋಣೆ ಒಳಕ್ ಬಂದವ್ಳೆ. ಮೊಟ್ಟೆಗೇ ತಟ್ಟೈತೆ."

ನನಗೆ ಮೊದಲು ನಗು ಬಂತು. ಆಮೇಲೆ ಗಂಡಸರ ಮುಖ ನೋಡಿದೆ. ಅಷ್ಟು ಜನ ಪರ ಗಂಡಸರು ನನ್ನ ಮುಟ್ಟಿನ ದಿನಗಳನ್ನು ಮನಸ್ಸಿನಲ್ಲೇ ಎಣಿಸುತ್ತಿದ್ದರು. ಆ ಕ್ಷಣಕ್ಕೆ ಕ್ಷಮೆ ಎಂಬುದಿಲ್ಲ.

"ನಂಗಲಿಗೆ ಹೋದ ಮೊಟ್ಟೆ ನಾನು ಊರಿಗೆ ಬರೋಕ್ ಮುಂಚೇನೇ ಹೋಗಿದೆ ದೊಡ್ಡಪ್ಪ. ಅದಕ್ಕೆ ಹೇಗೆ ತಟ್ಟಿತು?"

"ವಾದ ಮಾಡ್ಬೇಡ. ಇದು ನಿನ್ ಕಾಲೇಜಲ್ಲ."

"ದೊಡ್ಡಮ್ಮನ್ನ ಕೇಳಿ. ಅವರಿಗೆ ಗೊತ್ತು."

ಬಾಗಿಲ ಹಿಂದೆ ನಿಂತಿದ್ದ ದೊಡ್ಡಮ್ಮ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡರು, ಬಿಚ್ಚಿದರು, "ಒಲೆ ಮ್ಯಾಲೆ ಹಾಲೈತೆ" ಎಂದು ಒಳಗೆ ಹೋದರು.

ಅಣ್ಣನೆದುರು ಅಪ್ಪ ಎಂದೂ ಮಾತಾಡಿದವರಲ್ಲ. ಮನೆ ಮುಟ್ಟಿದ ಮೇಲೆ ಹೇಳಿದರು: "ದಸರಾ ಕಳೀಲಿ. ಅಣ್ಣ ಒಂದ್ ಗಂಡು ನೋಡವ್ನಂತೆ. ಓದಿದ್ದು ಸಾಕು."

ಅಂದರೆ ಹುಳ ಸತ್ತದ್ದಕ್ಕೆ ಶಿಕ್ಷೆ ನನ್ನ ಓದಿಗೆ. ದಸರೆಯ ಒಳಗೆ ಆ ಮಾತನ್ನು ಅದೇ ಜಗಲಿಯಲ್ಲಿ ಸುಳ್ಳು ಮಾಡದಿದ್ದರೆ ನಾನು ಬೆಂಗಳೂರಿನ ಬಸ್ಸು ಹತ್ತುವಂತಿರಲಿಲ್ಲ. ಓದು ಉಳಿಸಿಕೊಳ್ಳುವುದಕ್ಕೆ ಮಾತ್ರ ಮುಂದಿನದನ್ನು ಮಾಡಿದೆ ಎಂದರೆ ಅರ್ಧ ಸುಳ್ಳಾಗುತ್ತದೆ. ಆ ಗಂಡಸರೆಲ್ಲ ಕೂತಿರುವಾಗಲೇ ದೊಡ್ಡಪ್ಪನ ಮುಖ ಬಾಡುವುದನ್ನು ನೋಡಬೇಕಿತ್ತು ನನಗೆ.

ಆಯುಧಪೂಜೆಗೆ ದೊಡ್ಡಪ್ಪ ಎಲ್ಲ ಗಿರಾಕಿಗಳನ್ನೂ ಕರೆಯುವ ರೂಢಿ. ಬೆಳೆ ಕೆಟ್ಟ ವರ್ಷ ಅವರ ಮನಸ್ಸು ತಿರುಗಿಸಲೆಂದು ಇನ್ನೂ ಜೋರಾಗಿಯೇ ಕರೆದಿದ್ದರು. ಹೊಸ ಮೊಟ್ಟೆ ಹಾಳೆ ಸಿದ್ಧವಿತ್ತು, ಅವನ್ನಿಟ್ಟ ಚಿಟ್ಟೆಗಳು ಮೊರದಲ್ಲಿ ರೆಕ್ಕೆ ಬಡಿಯುತ್ತ ಕಟ್ಟೆಯ ಪಯಣಕ್ಕೆ ಕಾದಿದ್ದವು. ನಾನು ಹೊಸ ಲಂಗ ದಾವಣಿಯಲ್ಲಿ ಒಳ್ಳೆಯ ಹುಡುಗಿಯಂತೆ ಹೋದೆ. ಚೀಲದಲ್ಲಿ ಪಿಂಗಾಣಿ ಕಲ್ಬತ್ತು, ಸ್ಲೈಡು, ಸ್ಪಿರಿಟ್ಟಿನ ಸೀಸೆ.

ಮಂಗಳಾರತಿ ಆಯಿತು. ನಾನು ಮೊರದಿಂದ ಕೈಗೆ ಬಂದಷ್ಟು ಚಿಟ್ಟೆ ತೆಗೆದು ಕಲ್ಬತ್ತಿಗೆ ಹಾಕಿ ಅರೆದೆ. ಹೆಂಗಸರು "ಅಯ್ಯೋ" ಎಂದರು. ದೊಡ್ಡಪ್ಪ ಆರತಿ ತಟ್ಟೆ ಕೆಳಗಿಟ್ಟು ನನ್ನತ್ತ ಬಂದರು.

"ಪೂಜೆ ಮಾಡಿದ ಆಯುಧ ಒಂದು ಸಲ ಕೆಲಸ ಮಾಡಲಿ, ದೊಡ್ಡಪ್ಪ."

ನಿಂಬೆಹಣ್ಣು ಪಕ್ಕಕ್ಕಿಟ್ಟು ಸ್ಲೈಡ್ ಕೂರಿಸಿ, ನಂಗಲಿಯಿಂದ ಬಂದ ಹಿರಿಯರೊಬ್ಬರನ್ನು ಕರೆದೆ. ಅವರು ಒಂದು ಕಣ್ಣು ಮುಚ್ಚಿ ಬಗ್ಗಿ ನೋಡಿ, ತಮ್ಮ ತೆಲುಗು ಬೆರೆತ ಕನ್ನಡದಲ್ಲಿ ಹೇಳಿದರು:

"ಏಂ ಪಾಪಾ, ಎಲ್ಲಾ ಕೆಂಪಗೈತೆ!"

ದೊಡ್ಡಪ್ಪನಿಗೆ ಜೀವ ಬಂತು. "ನೋಡ್ರಪ್ಪಾ, ತಾಯಿ ರಕ್ತ ಕುಡಿದವ್ಳೆ!"

ಜಗಲಿ ಗೊಳ್ಳೆಂದಿತು. ಆಮೇಲೆ ಹೊಳೆಯಿತು: ವರ್ಷ ವರ್ಷ ಹಚ್ಚಿದ ಕುಂಕುಮ ಲೆನ್ಸಿನ ಮೇಲೆ ಪದರವಾಗಿ ಕೂತಿದೆ. ದಾವಣಿಯ ಸೆರಗನ್ನು ಸ್ಪಿರಿಟ್ಟಿನಲ್ಲಿ ಅದ್ದಿ ಒರೆಸಿದೆ. ಸೆರಗು ಕೆಂಪಾಯಿತು. ಒರೆಸಿದ ಮೇಲೆ ಮೊದಲು ನಾನೇ ನೋಡಿದೆ. ನೋಡಿ ಸುಮ್ಮನೆ ಪಕ್ಕಕ್ಕೆ ಸರಿದೆ.

ನಂಗಲಿಯವರು ಈ ಸಲ ಬಹಳ ಹೊತ್ತು ಬಗ್ಗಿದ್ದರು. "ಏವೋ ಗಿಂಜಲು... ಕಾಳು ಕಾಳು. ಮಿರಮಿರ ಅಂತಾವೆ."

"ಅದೇ ಗಂಟುರೋಗ. ಆ ಹಾಳೆಯಲ್ಲಿರೋದು ಇವುಗಳ ಮೊಟ್ಟೆ. ಇವತ್ತು ನಿಮಗೆ ಕೊಡೋಕೆ ಇಟ್ಟಿರೋದು."

ಶ್ರೀನಿವಾಸಪುರದವರು ನೋಡಿದರು. ಮುಳಬಾಗಿಲಿನವರು ನೋಡಿದರು. ಯಾರೂ ನಗಲಿಲ್ಲ. ನಂಗಲಿಯವರು ಟವೆಲ್ಲನ್ನು ಹೆಗಲ ಮೇಲೆ ಹಾಕಿಕೊಂಡು, "ಗೌಡ್ರೇ, ಈ ಪಾಪ ಮೊರದೊಳಕ್ಕೂ ಕಾಲಿಟ್ಟಿದ್ಲಾ?" ಎಂದು ಕೇಳಿದರು. ಹತ್ತು ಚರ್ಚಾವೇದಿಕೆಯಲ್ಲಿ ಹುಡುಕಿದ್ದರೂ ನನಗೆ ಸಿಗದಿದ್ದ ಮಾತು ಅದು.

ದೊಡ್ಡಪ್ಪ, "ಊಟಕ್ಕೇಳ್ರಪ್ಪಾ" ಎಂದರು. ಯಾರೂ ಏಳಲಿಲ್ಲ. ಆಮೇಲೆ ಒಬ್ಬೊಬ್ಬರೇ ಚಪ್ಪಲಿ ಹುಡುಕತೊಡಗಿದರು. ಒಬ್ಬಟ್ಟಿನ ರಾಶಿ ಹಾಗೇ ಉಳಿಯಿತು. ನಾನು ಕೂತು ಎರಡು ತಿಂದೆ. ಅಷ್ಟು ರುಚಿಯಾದ ಒಬ್ಬಟ್ಟನ್ನು ಆಮೇಲೆ ತಿಂದಿಲ್ಲ.

ಅಪ್ಪ ಮದುವೆಯ ಮಾತು ಮತ್ತೆ ಎತ್ತಲಿಲ್ಲ. ದಸರಾ ರಜೆ ಮುಗಿದ ದಿನ ನನ್ನ ಟ್ರಂಕನ್ನು ತಾವೇ ಹೊತ್ತು ಬಸ್ಸಿಗೆ ಹತ್ತಿಸಿದರು.

ಬೆಳಗಿನ ಮೇಡಂ ನನ್ನ ಕೆಲಸಕ್ಕೆ ತರಗತಿಯಲ್ಲೇ ಹೆಚ್ಚಿನ ಅಂಕ ಕೊಟ್ಟರು. ಮಧ್ಯಾಹ್ನದ ಮೇಷ್ಟ್ರು ಮಾತ್ರ ಹಣೆ ಉಜ್ಜಿಕೊಂಡು, "ಉದ್ಯಮ ಶುರು ಮಾಡು ಅಂತ ಕಳಿಸಿದೆ, ನೀನು ಇರೋ ಒಂದನ್ನ ಮುಚ್ಚಿಸೋ ಹಾಗೆ ಮಾಡಿ ಬಂದಿದ್ದೀಯ" ಎಂದು ಅಂಚಿನಲ್ಲಿ ಪಾಸು ಮಾಡಿದರು. ಅವರಿಗೂ ಉತ್ತರ ಕೊಡಬೇಕಿತ್ತು, ಕೊಟ್ಟೆ. ಓದು ಮುಗಿಸಿ ಮಾಲೂರಿನಲ್ಲಿ ನನ್ನದೇ ಮೊಟ್ಟೆ ಕೇಂದ್ರ ತೆರೆದೆ. ಶ್ರೀನಿವಾಸಪುರದ ಸಂತೆಯಲ್ಲಿ ದೊಡ್ಡಪ್ಪ ಹಾಳೆ ಹಾಸುವ ಜಾಗದ ನೇರ ಎದುರಿಗೆ ನನ್ನ ಮೇಜು. ಬೇರೆ ಕಡೆಯೂ ಜಾಗವಿತ್ತು. ಅಲ್ಲೇ ಬೇಕೆಂದು ಹಾಕಿದೆ. ಮೇಜಿನ ಮೇಲೆ ಸೂಕ್ಷ್ಮದರ್ಶಕ ಇಟ್ಟು, ಮೊದಲು ನೋಡಿ ಆಮೇಲೆ ಒಯ್ಯಿರಿ ಎನ್ನುತ್ತೇನೆ. ನಂಗಲಿಯವರು ಈಗ ನನ್ನ ಗಿರಾಕಿ. ಗಿರಾಕಿಯ ಮನಸ್ಸು ನೋಯದೆ ಕಂಡದ್ದನ್ನು ಹೇಳಬಹುದು ಮೇಷ್ಟ್ರೇ, ನೋಯಬೇಕಾದವರು ಎದುರುಗಡೆ ಕೂತಿರುತ್ತಾರೆ.

ಇಷ್ಟಾದ ಮೇಲೆ ಕಥೆ ಸಾಯಬೇಕಿತ್ತು. ಸಾಯಲಿಲ್ಲ. ಆಯುಧಪೂಜೆಯ ಭಾಗವನ್ನು ಕತ್ತರಿಸಿ, ಮುಟ್ಟಾದ ಹುಡುಗಿ, ಸತ್ತ ಹುಳ ಇಷ್ಟನ್ನೇ ಉಳಿಸಿಕೊಂಡು ಮನೆ ಮನೆ ತಿರುಗುತ್ತಿದೆ. ಕತ್ತರಿಸಿದವರು ಯಾರೆಂದು ನನಗೆ ಗೊತ್ತು.

ಹೋದ ಯುಗಾದಿಗೆ ಅಪ್ಪನ ಬಲವಂತಕ್ಕೆ ದೊಡ್ಡಪ್ಪನ ಮನೆಗೆ ಹೋಗಿದ್ದೆ. ಅರಳೀಕಟ್ಟೆ ಖಾಲಿಯಿತ್ತು, ಕೋಳಿಗಳು ಸುಮ್ಮನೆ ಮಣ್ಣು ಕೆದರುತ್ತಿದ್ದವು. ಕೈ ತೊಳೆಯಲು ಹಿತ್ತಿಲಿಗೆ ಹೋದರೆ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಒಂದು ಹೊಸ ಪಿಂಗಾಣಿ ಕಲ್ಬತ್ತನ್ನು ತೊಳೆದು ಬೋರಲು ಹಾಕಿದ್ದರು. ಎತ್ತಿ ನೋಡಿದೆ. ಅಂಚಿನಲ್ಲಿ ಚಿಟ್ಟೆಯ ರೆಕ್ಕೆಯ ಬಿಳಿ ಪುಡಿ ಅಂಟಿತ್ತು. ದೊಡ್ಡಮ್ಮ ಬಂದು ನನ್ನ ಕೈಯಿಂದ ಅದನ್ನು ತೆಗೆದುಕೊಂಡು, "ಆ ದಸರಾ ಆದ ಮಾರನೇ ಬೆಳೆಯಿಂದ ಹಿಂಗೇ. ಕದ ಹಾಕ್ಕೊಂಡ್ ಮಾಡ್ತಾರೆ. ಯಾರ್ಗೂ ಹೇಳ್ಬೇಡ ಕಣೇ" ಎಂದರು. ಮೊದಲು ಮುಚ್ಚಿಟ್ಟದ್ದೂ ಅವರೇ, ಈಗ ಮುಚ್ಚಿಡಲು ಕೇಳಿದ್ದೂ ಅವರೇ.

ಹೇಳಲಿಲ್ಲ, ಹೋದ ತಿಂಗಳವರೆಗೆ. ಹೋದ ತಿಂಗಳು ಆವನಿಯಲ್ಲಿ ನೆಂಟರ ಮದುವೆ. ಊಟದ ಸಾಲಿನಲ್ಲಿ ದೊಡ್ಡಪ್ಪ ನನ್ನ ಎದುರು ಸಾಲಿಗೇ ಕೂತಿದ್ದರು. ಗಂಡಿನ ಕಡೆಯ ಹಿರಿಯರೊಬ್ಬರು ನನ್ನನ್ನು ತೋರಿಸಿ ಯಾರ ಮಗಳೆಂದು ಕೇಳಿದರು. ದೊಡ್ಡಪ್ಪ ಎಲೆಗೆ ನೀರು ಚಿಮುಕಿಸುತ್ತ, "ನಮ್ ತಮ್ಮನ್ ಮಗ್ಳು. ಒಂದ್ ಸಲ ನನ್ ಹುಳುಮನೆ ಒಳಕ್ ಬಂದ್ಬಿಟ್ಟು..." ಎಂದು ಶುರು ಮಾಡಿದರು. ಸಾಲು ಆಗಲೇ ನಗಲು ತಯಾರಾಗಿತ್ತು. ಪಲ್ಯ ಬಡಿಸುವವನನ್ನು ಕೈ ತೋರಿಸಿ ನಿಲ್ಲಿಸಿ ಆ ಸಾಲಿಗೂ ಈ ಸಾಲಿಗೂ ಕೇಳುವ ಹಾಗೆ ನಾನು ಕೇಳಿದೆ:

"ದೊಡ್ಡಪ್ಪ, ಹುಳ ಸತ್ತದ್ದು ನನ್ನಿಂದಾನೇ ಆಗಿದ್ರೆ, ಕದ ಹಾಕ್ಕೊಂಡು ಹೆತ್ತ ಚಿಟ್ಟೆನ ಯಾಕೆ ಅರೀತಿದ್ದೀರಿ?"